ತಾಯಿಯ ಹೆಸರು ಹುಡುಕುತ್ತ ಅಜ್ಜಂಪುರದ ತನಕ

"ಅಜ್ಜಿ, ನಿಮ್ಮವ್ವನ ಹೆಸರೇನು?"

ಕಡೂರಿನ ಒಂದು ಮನೆಯ ಪಡಸಾಲೆಯಲ್ಲಿ ಪಿಯುಸಿ ಓದುತ್ತಿದ್ದ ಹುಡುಗಿ ಕೇಳಿದ ಪ್ರಶ್ನೆ ಇದು. ಎಂಬತ್ತರ ಹತ್ತಿರದ ಅಜ್ಜಿ ಅವರೆಕಾಯಿ ಬಿಡಿಸುತ್ತ ಕೂತಿದ್ದರು. ಕೈ ಒಂದು ಗಳಿಗೆ ನಿಂತಿತು. "ಅವ್ವ ಅಂತಿದ್ದೆವು ಕಣೆ. ನಾನು ಐದು ವರ್ಷದೋಳಿದ್ದಾಗ ಹೋದಳು. ಹೆಸರು ಯಾರು ಹೇಳಿದ್ರು ನನಗೆ?"

ಅದು 2021ರ ಫೆಬ್ರುವರಿ. ಅಮೆರಿಕದ ಸಾಲ್ಟ್ ಲೇಕ್ ಸಿಟಿಯಲ್ಲಿ 2011ರಿಂದ ನಡೆದುಬಂದಿರುವ 'ರೂಟ್ಸ್‌ಟೆಕ್' ಎಂಬ ವಂಶಾವಳಿ ಸಮ್ಮೇಳನ ಆ ವರ್ಷ ಕೊರೊನಾ ಕಾರಣದಿಂದ ಪೂರ್ತಿಯಾಗಿ ಅಂತರ್ಜಾಲಕ್ಕೆ ಬಂದಿತ್ತು. 25ರಿಂದ 27ರವರೆಗೆ ಮೂರು ದಿನ, ಪ್ರವೇಶ ಉಚಿತ. ಜಗತ್ತಿನಾದ್ಯಂತ ಹತ್ತು ಲಕ್ಷಕ್ಕೂ ಹೆಚ್ಚು ಮಂದಿ ಹೆಸರು ನೋಂದಾಯಿಸಿದರು. ಅವರಲ್ಲಿ ಕಡೂರಿನ ಈ ಹುಡುಗಿಯೂ ಒಬ್ಬಳು. ಹೊಸಬರು ಸಮ್ಮೇಳನಕ್ಕೆ ಬರುವ ಮೊದಲು ಮನೆಯ ಹಿರಿಯರಿಂದ ನಾಲ್ಕು ತಲೆಮಾರಿನ ಹೆಸರುಗಳನ್ನು ಕೇಳಿ ಬರೆದುಕೊಳ್ಳುವುದು ಈ ವಿದ್ಯೆಯ ಮೊದಲ ಪಾಠ. ಅಪ್ಪನ ಕಡೆ ಸಲೀಸಾಗಿ ಸಾಗಿದ ಬರವಣಿಗೆ ಅಜ್ಜಿಯ ತಾಯಿಯ ಬಳಿ ಬಂದು ನಿಂತುಬಿಟ್ಟಿತು.

ಹೆಸರಿನ ಹಿಂದಿನ ಅಕ್ಷರಗಳು

ನಿಂತದ್ದು ಅಲ್ಲೊಂದೇ ಕಡೆಯಲ್ಲ. ನೋಂದಣಿಯ ನಮೂನೆಯಲ್ಲಿ ಎರಡು ಖಾನೆಗಳು: ಹೆಸರು ಮತ್ತು ಮನೆತನದ ಹೆಸರು. ನಮ್ಮ ಬಯಲುಸೀಮೆಯಲ್ಲಿ ಎಷ್ಟು ಜನಕ್ಕೆ ಮನೆತನದ ಹೆಸರಿದೆ? ಹೆಸರಿನ ಹಿಂದೆ ಎರಡು ಅಕ್ಷರ, ಒಂದು ಊರಿನದು, ಇನ್ನೊಂದು ಅಪ್ಪನದು. ಅಪ್ಪನ ಅಕ್ಷರ ಪ್ರತಿ ತಲೆಮಾರಿಗೂ ಬದಲಾಗುತ್ತದೆ. ಅಜ್ಜಿಯಂಥವರಿಗೆ ಅದೂ ಇಲ್ಲ. ಮತದಾರರ ಪಟ್ಟಿಯಲ್ಲಿ ಒಂದೇ ಹೆಸರು, ಪಕ್ಕದಲ್ಲಿ ಗಂಡನ ಹೆಸರು. ಹುಟ್ಟಿದ ದಿನವೂ ಅಷ್ಟೆ. ಶಾಲೆಗೆ ಸೇರಿಸುವ ದಿನ ಮೇಷ್ಟರು ಅಂದಾಜಿನಲ್ಲಿ ಬರೆದ ಜೂನ್ ತಿಂಗಳ ತಾರೀಖೇ ಎಷ್ಟೋ ಹಿರಿಯರ ಜನ್ಮದಿನ. ಹೀಗಾಗಿ ಇಲ್ಲಿನವರು ಹೆಸರಿನ ಜೊತೆ ಊರು, ಹೊಲದ ಸರ್ವೆ ನಂಬರು, ಕುಲದೇವರು, ಈ ಮೂರನ್ನೂ ಬರೆದಿಟ್ಟುಕೊಳ್ಳದೆ ಹುಡುಕಲು ಹೊರಟರೆ ಒಂದೇ ಹೆಸರಿನ ನೂರು ಜನರ ನಡುವೆ ದಾರಿ ತಪ್ಪುತ್ತಾರೆ.

ಊರಿನ ಹೆಸರೂ ಮೋಸ ಮಾಡಬಲ್ಲದು. 1947ರವರೆಗೆ ಈಗಿನ ಚಿಕ್ಕಮಗಳೂರು ಜಿಲ್ಲೆಯ ಹೆಸರು ಕಡೂರು ಜಿಲ್ಲೆ ಎಂದೇ ಇತ್ತು. ಜಿಲ್ಲಾ ಕೇಂದ್ರ 1860ರ ದಶಕದಲ್ಲೇ ಚಿಕ್ಕಮಗಳೂರಿಗೆ ಹೋದರೂ ಹೆಸರು ಉಳಿದಿತ್ತು. ಹಳೆಯ ಕಾಗದದಲ್ಲಿ 'ಕಡೂರು' ಎಂದು ಕಂಡರೆ ಅದು ಕೊಪ್ಪದ ಅಡಿಕೆ ತೋಟವೂ ಆಗಿರಬಹುದು, ಮೂಡಿಗೆರೆಯ ಕಾಫಿ ತೋಟವೂ ಆಗಿರಬಹುದು. ಅಜ್ಜಂಪುರ ಬಹುಕಾಲ ತರೀಕೆರೆ ತಾಲ್ಲೂಕಿನಲ್ಲಿದ್ದು ಇತ್ತೀಚೆಗಷ್ಟೇ ತಾಲ್ಲೂಕಾಯಿತು. ರಾಜ್ಯದ ಹೆಸರೇ 1973ರವರೆಗೆ ಮೈಸೂರು. ಇವಿಷ್ಟನ್ನೂ ಹುಡುಗಿ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದುಕೊಂಡಳು.

ಕಲ್ಲು ಹೇಳುವ ಬಾಂಧವ್ಯ

ಹಾಗೆ ನೋಡಿದರೆ ಕಡೂರಿಗೆ ವಂಶದ ದಾಖಲೆ ಹೊಸತಲ್ಲ. ಬಿ. ಎಲ್. ರೈಸ್ ಅವರ 'ಎಪಿಗ್ರಾಫಿಯ ಕರ್ನಾಟಿಕ' ಮಾಲೆಯ ಆರನೆಯ ಸಂಪುಟ ಕಡೂರು ಜಿಲ್ಲೆಯ ಶಾಸನಗಳದು, ಅಚ್ಚಾದದ್ದು 1901ರಲ್ಲಿ. ಅದರಲ್ಲಿರುವ ಕ್ರಿ.ಶ. 971ರ ಕಡೂರಿನ ಶಾಸನ ಪಾಂಬಬ್ಬೆ ಎಂಬ ಹೆಣ್ಣುಮಗಳದು. ಮೂವತ್ತು ವರ್ಷ ಜೈನ ತಪಸ್ಸು ಮಾಡಿ ದೇಹ ಬಿಟ್ಟ ಆಕೆ ಗಂಗ ದೊರೆ ಬೂತುಗನ ಅಕ್ಕ. ಸಾವಿರ ವರ್ಷದ ಹಿಂದೆ ತೀರಿಕೊಂಡವಳ ಹೆಸರು, ಆಕೆಯ ತಮ್ಮನ ಹೆಸರು ಕಲ್ಲಿನಲ್ಲಿ ಉಳಿದಿವೆ. ಎಂಬತ್ತು ವರ್ಷವೂ ಆಗದ ಹಿಂದಿನ ಒಬ್ಬ ತಾಯಿಯ ಹೆಸರು ಮಾತ್ರ ಮನೆಯಲ್ಲೇ ಯಾರಿಗೂ ತಿಳಿಯದು!

ಕಲ್ಲು ಕೆತ್ತಿಸಲಾಗದವರ ವಂಶವನ್ನು ಕಾಪಾಡಿದವರು ಹೆಳವರು. 'ಹೆಳವ' ಎಂದರೆ ಕುಂಟ. ಮೂಲಪುರುಷ ನಡೆಯಲಾರದವನಾಗಿ ಎತ್ತಿನ ಮೇಲೆ ಕೂತು, ಗಂಟೆ ಬಾರಿಸುತ್ತ ಊರೂರು ತಿರುಗಿದನೆಂದು ಕತೆ. ಸುಗ್ಗಿಯ ಕಾಲಕ್ಕೆ ಹೆಳವರು ಮನೆಯ ಮುಂದೆ ನಿಂತು ಮೂಲಸ್ಥಳ ಯಾವುದು, ಯಾರು ಯಾವ ಊರಿಗೆ ವಲಸೆ ಹೋದರು, ಯಾರಿಗೆ ಎಷ್ಟು ಗಂಡುಮಕ್ಕಳು ಎಂದು ಒಂದೇ ಉಸಿರಿಗೆ ಹೇಳಿಬಿಡುತ್ತಿದ್ದರು. ಹೊಸದಾಗಿ ಹುಟ್ಟಿದ ಮಕ್ಕಳನ್ನು ಪಟ್ಟಿಗೆ ಸೇರಿಸಿಕೊಂಡು, ಮೊರದ ತುಂಬ ಕಾಳು, ಒಂದು ಪಂಚೆಯೋ ಕಂಬಳಿಯೋ ಪಡೆದು ಮುಂದಿನ ಊರಿಗೆ ಹೊರಡುತ್ತಿದ್ದರು. ಅಜ್ಜಿಗೆ ಅವರ ನೆನಪು ಚೆನ್ನಾಗಿದೆ. "ನಮ್ಮ ಮಾವನ ಅಜ್ಜನ ಅಜ್ಜನ ತನಕ ಹೇಳೋರು. ಆದರೆ ನಾವು ಹೆಂಗಸರು ಅದರಲ್ಲಿ ಎಲ್ಲಿದ್ದೆವು?"

ಅಜ್ಜಿಯ ಮಾತು ನಿಜ. ಹೆಳವರ ಹೇಳಿಕೆಯಲ್ಲಿ ಹೆಚ್ಚಾಗಿ ಸಾಗುವುದು ಗಂಡುಸಂತತಿಯ ಎಳೆ. ಮನೆಯ ಟ್ರಂಕಿನಲ್ಲಿದ್ದ, ಹಿಂದೊಮ್ಮೆ ಪೌತಿ ಖಾತೆಗೆಂದು ಬರೆಸಿದ ವಂಶವೃಕ್ಷವೂ ಹಾಗೆಯೇ ಇತ್ತು. ಅಜ್ಜ, ಅಜ್ಜನ ಅಣ್ಣತಮ್ಮಂದಿರು, ಅವರ ಗಂಡುಮಕ್ಕಳು. ಮದುವೆಯಾಗಿ ಹೋದ ಅತ್ತೆಯಂದಿರ ಸುಳಿವೇ ಇಲ್ಲ. ಕರ್ನಾಟಕದಲ್ಲಿ 1994ರ ತಿದ್ದುಪಡಿ ಅವಿವಾಹಿತ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಪಾಲು ಕೊಟ್ಟಿತು. 2005ರ ಕೇಂದ್ರದ ತಿದ್ದುಪಡಿ ಮದುವೆಯಾದವರನ್ನೂ ಸೇರಿಸಿತು. 2020ರಲ್ಲಿ ಸುಪ್ರೀಂ ಕೋರ್ಟು ಈ ಹಕ್ಕು ಹುಟ್ಟಿನಿಂದಲೇ ಬರುವುದೆಂದು ಸ್ಪಷ್ಟಪಡಿಸಿತು. ವಂಶವೃಕ್ಷದಲ್ಲಿ ಒಂದು ಹೆಸರು ಬಿಟ್ಟುಹೋದರೆ ಅಳಿಯುವುದು ನೆನಪು ಮಾತ್ರವಲ್ಲ.

ತರೀಕೆರೆಯ ದಾರಿಯಲ್ಲಿ

ಸಮ್ಮೇಳನಕ್ಕೆ ಹತ್ತು ದಿನವಿರುವಾಗ ಒಂದು ಭಾನುವಾರ ಅಪ್ಪ, ಮಗಳು, ಅಜ್ಜಿ ಮೂವರೂ ಹೊರಟರು. ಗುರಿ ಅಜ್ಜಿಯ ತವರು ಅಜ್ಜಂಪುರ. ಬೀರೂರಿನಿಂದ ನೇರ ಹೋಗಬಹುದಿತ್ತು. ಆದರೆ ತರೀಕೆರೆಯಲ್ಲಿದ್ದ ಅಜ್ಜಿಯ ನೆಂಟರೊಬ್ಬರನ್ನು ಮೊದಲು ಕಾಣಬೇಕಿತ್ತು.

ಕಡೂರಿನ ತೆಂಗಿನ ತೋಟ, ರಾಗಿ ಹೊಲಗಳನ್ನು ಹಿಂದೆ ಬಿಟ್ಟು, ಆರೇಳು ಕಿಲೋಮೀಟರಿನಲ್ಲಿ ಬೀರೂರು ದಾಟಿ ಬಸ್ಸು ಮುಂದೆ ಸಾಗಿದಂತೆ ಅಡಿಕೆ ತೋಟಗಳು ಹೆಚ್ಚುತ್ತವೆ. ಎಡಕ್ಕೆ ಬೆಟ್ಟಸಾಲು ಹತ್ತಿರವಾಗುತ್ತದೆ. ತರೀಕೆರೆ ಎಂದರೆ ಮಕ್ಕಳಿಗೆ ಏರಿ ಮೇಲಿನ ಕುರಿಮರಿಗಳ ನಾಲಿಗೆ ತೊಡರಿಸುವ ಮಾತು ನೆನಪಾಗುತ್ತದೆ. ಇತಿಹಾಸದಲ್ಲಿ ಅದು ಪಾಳೆಯಗಾರರ ಊರು. ಅವರ ಮನೆತನ ಬಸವಾಪಟ್ಟಣ, ಸಂತೆಬೆನ್ನೂರಿನ ಕಡೆಯಿಂದ ಬಂದು ಇಲ್ಲಿ ನೆಲೆ ನಿಂತದ್ದು. 1830ರ ನಗರ ದಂಗೆಯ ಕತೆಯಲ್ಲೂ ತರೀಕೆರೆಯ ನಾಯಕರು ಬರುತ್ತಾರೆ. ದೊರೆಗಳೂ ವಲಸೆ ಬಂದವರೇ ಎಂಬುದು ಹುಡುಗಿಗೆ ಹೊಸ ಸಂಗತಿ.

ನೆಂಟರ ಮನೆಯಲ್ಲಿ ಕಾಫಿ, ಚಕ್ಕುಲಿ ಸಿಕ್ಕವು, ಹೆಸರು ಸಿಗಲಿಲ್ಲ. "ಅವರನ್ನು ದೊಡ್ಡಮ್ಮ ಅಂತಲೇ ಕರೀತಿದ್ದರಂತೆ" ಎಂದಷ್ಟೇ ಹೇಳಿದರು. ಆದರೂ ದಾರಿ ವ್ಯರ್ಥವಾಗಲಿಲ್ಲ. ಹತ್ತಿರದ ಅಮೃತಾಪುರವನ್ನು ನೋಡಿಕೊಂಡು ಹೋಗೋಣವೆಂದು ಅಪ್ಪ ಆಟೋ ಹಿಡಿದರು. ಹೊಯ್ಸಳ ಎರಡನೆಯ ವೀರಬಲ್ಲಾಳನ ದಂಡನಾಯಕ ಅಮಿತ 1196ರಲ್ಲಿ ಕಟ್ಟಿಸಿದ ಅಮೃತೇಶ್ವರ ಗುಡಿ ಅದು. ಕಡೆದ ಕಂಬಗಳ ಹೊಳಪು ಇಂದಿಗೂ ಮಾಸಿಲ್ಲ. ಅಲ್ಲಿನ ದೊಡ್ಡ ಶಾಸನದ ಪದ್ಯಗಳನ್ನು ರಚಿಸಿದವನು ಮುಂದೆ 'ಯಶೋಧರ ಚರಿತೆ' ಬರೆದ ಕವಿ ಜನ್ನ. ವಂಶವನ್ನು ಹೊಗಳಿಸಲು ಒಬ್ಬ ಮಹಾಕವಿಯೇ ಸಿಕ್ಕಿದ್ದು ದಂಡನಾಯಕನ ಭಾಗ್ಯ. ಶಾಸನದ ಎದುರು ನಿಂತ ಅಜ್ಜಿ ಅಕ್ಷರಗಳ ಮೇಲೆ ಕಣ್ಣಾಡಿಸಿ, "ಇಷ್ಟೊಂದು ಬರೆಸೋಕೆ ನಮ್ಮ ಹತ್ತಿರ ಏನಿತ್ತು" ಎಂದರು.

ಹಸುವಿಗಿದ್ದ ಲೆಕ್ಕ

ಅಜ್ಜಂಪುರ ಸಮೀಪಿಸಿದಂತೆ ನೆಲ ಬಯಲಾಗುತ್ತದೆ. ಇದು ಅಮೃತಮಹಲ್ ಕಾವಲಿನ ಸೀಮೆ. ಮೈಸೂರು ಒಡೆಯರ ಕಾಲದ 'ಬೆಣ್ಣೆ ಚಾವಡಿ'ಯ ದನಗಳಿಗೆ ಅಮೃತಮಹಲ್ ಎಂದು ಹೆಸರಿಟ್ಟವನು ಟಿಪ್ಪು ಸುಲ್ತಾನ. ಸೈನ್ಯದ ಸಾಮಾನು, ಫಿರಂಗಿ ಎಳೆಯಲು ಹೆಸರಾದ ತಳಿ ಇದು: ಉದ್ದ ಮುಖ, ಹಿಂದಕ್ಕೆ ಬಾಗಿದ ಚೂಪು ಕೊಂಬು, ಬೂದು ಬಣ್ಣ. ಅಜ್ಜಂಪುರದಲ್ಲಿ ಸರ್ಕಾರದ ತಳಿ ಸಂವರ್ಧನಾ ಕೇಂದ್ರವಿದೆ. ಕಡೂರು ತಾಲ್ಲೂಕಿನ ಬಾಸೂರು ಕಾವಲಿನಲ್ಲಿ ಈಗ ಕೃಷ್ಣಮೃಗಗಳಿಗೂ ರಕ್ಷಣೆ ಇದೆ.

ತಳಿ ಕೇಂದ್ರದ ಕೆಲಸ ನಡೆಯುವುದೇ ವಂಶಾವಳಿಯ ಮೇಲೆ ಎಂದು ಅಪ್ಪ ವಿವರಿಸಿದರು. ಹುಟ್ಟಿದ ಕರುವಿನ ಹೋರಿ ಯಾವುದು, ತಾಯಿ ಯಾವುದು ಎಂದು ಎರಡನ್ನೂ ಗುರುತಿಟ್ಟುಕೊಳ್ಳಬೇಕು. ಒಂದನ್ನು ಬಿಟ್ಟರೂ ರಕ್ತಸಂಬಂಧ ಹತ್ತಿರವಾಗಿ ತಳಿ ಸೊರಗುತ್ತದೆ. "ಹಂಗಾದರೆ ಹಸುವಿಗೆ ತಾಯಿ ಲೆಕ್ಕ ಉಂಟು" ಎಂದು ಅಜ್ಜಿ ನಕ್ಕರು. ಜೊತೆಗೆ ಯಾರೂ ನಗಲಿಲ್ಲ.

ತವರಿನಲ್ಲಿದ್ದವರು ಅಜ್ಜಿಯ ತೀರಿಹೋದ ಅಣ್ಣನ ಮಗಳು. ಅರವತ್ತು ದಾಟಿದ ಹೆಂಗಸು. ಎಲ್ಲರ ಬಾಯಲ್ಲೂ 'ಪುಟ್ಟಿ'. ಮಾತು ಮಾತಿನಲ್ಲಿ ಅವರೆಂದರು: "ನನಗೆ ಇಟ್ಟಿದ್ದು ಅಜ್ಜಿ ಹೆಸರಂತೆ. ಅತ್ತೆ ಹೆಸರು ಹಿಡಿದು ಕೂಗಬಾರದು ಅಂತ ಅವ್ವ ಪುಟ್ಟಿ ಅಂದಳು. ಅದೇ ಉಳೀತು."

ಹುಡುಗಿ ಕೂತಲ್ಲಿಂದ ಎದ್ದೇಬಿಟ್ಟಳು. ಪುಟ್ಟಿಯ ಅಜ್ಜಿ ಎಂದರೆ ತನ್ನ ಅಜ್ಜಿಯ ತಾಯಿಯೇ! ಪುಟ್ಟಿಯನ್ನು ತೊಟ್ಟಿಲಿಗೆ ಹಾಕಿದಾಗ ಅಜ್ಜಿ ತಾವೇ ಬಾಣಂತಿಯಾಗಿ ಕಡೂರಿನಲ್ಲಿದ್ದರು. ಆಮೇಲೆ ಯಾರೂ ಆ ಹೆಸರು ಎತ್ತಲಿಲ್ಲ. ಕಪಾಟಿನ ಹಳೆಯ ಕಾಗದಗಳ ನಡುವಿನಿಂದ ಪುಟ್ಟಿಯವರ ಶಾಲೆಯ ವರ್ಗಾವಣೆ ಪತ್ರ ಹೊರಬಂತು. ಮಡಿಕೆಯಲ್ಲಿ ಹರಿದಿದ್ದರೂ ಮೇಷ್ಟರ ಅಕ್ಷರ ಮುತ್ತಿನಂತಿತ್ತು. ಹುಡುಗಿ ಹೆಸರನ್ನು ಗಟ್ಟಿಯಾಗಿ ಓದಿದಳು. ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡು, "ಇನ್ನೊಂದ್ಸಲ ಓದು ಮಗಳೆ" ಎಂದರು. ಆ ಹೆಸರು ಆ ಮನೆಯದು; ಇಲ್ಲಿ ಬರೆಯುವುದು ಬೇಡ.

ಮೂರು ದಿನದ ಸಮ್ಮೇಳನ

ಸಾಲ್ಟ್ ಲೇಕ್ ಸಿಟಿಗೂ ಕಡೂರಿಗೂ ಹನ್ನೆರಡೂವರೆ ಗಂಟೆಯ ಅಂತರ. ಅಲ್ಲಿ ಬೆಳಗಾದಾಗ ಇಲ್ಲಿ ರಾತ್ರಿ. ಮೊದಲ ದಿನ ಹುಡುಗಿ ಕಂಡದ್ದನ್ನೆಲ್ಲ ನೋಡಲು ಹೋಗಿ ಯಾವುದನ್ನೂ ಪೂರ್ತಿ ನೋಡಲಿಲ್ಲ. ಉಪನ್ಯಾಸಗಳು ನೂರಾರು. ಎರಡನೆಯ ದಿನ ಪಟ್ಟಿ ಮಾಡಿ ಮೂರನ್ನೇ ಆರಿಸಿಕೊಂಡಳು: ಹಿರಿಯರನ್ನು ಮಾತಾಡಿಸುವ ಬಗೆ, ಹಳೆಯ ಫೋಟೋ ಕಾಪಾಡುವ ಕ್ರಮ, ಡಿಎನ್‌ಎ. ಸಮ್ಮೇಳನ ನಡೆಸುವ ಫ್ಯಾಮಿಲಿಸರ್ಚ್ ಮಾರ್ಮನ್ ಪಂಥದವರ ಸಂಸ್ಥೆ. ಅದರ ಮೂಲ 1894ರ ಯೂಟಾ ವಂಶಾವಳಿ ಸಂಘದಲ್ಲಿದೆ. ಹರಿದ್ವಾರದ ಪಂಡಾಗಳ ವಹಿಗಳನ್ನೂ ಮೈಕ್ರೋಫಿಲ್ಮ್‌ಗೆ ಇಳಿಸಿಕೊಂಡವರು ಅವರು. ಅಷ್ಟು ದೊಡ್ಡ ಭಂಡಾರದಲ್ಲಿ ಹುಡುಗಿಗೆ ತನ್ನವರ ಒಂದು ಹೆಸರೂ ಸಿಗಲಿಲ್ಲ. ನಿರಾಶೆಯಾಯಿತು. ಆದರೆ ನೋಟ್‌ಬುಕ್ ತೆರೆದಾಗ ಬೇರೊಂದು ಲೆಕ್ಕ ಕಣ್ಣಿಗೆ ಬಿತ್ತು.

ಪ್ರತಿಯೊಬ್ಬರಿಗೂ ತಂದೆತಾಯಿ ಇಬ್ಬರು, ಅಜ್ಜ–ಅಜ್ಜಿಯರು ನಾಲ್ವರು. ಹತ್ತು ತಲೆಮಾರಿಗೆ 1024. ಅವಳ ನಕ್ಷೆಯಲ್ಲಿ ತಾಯಿಯ ಕಡೆ ಒಂದೇ ದಂಪತಿಯ ಹೆಸರು ಎರಡು ಕಡೆ ಬಂದಿತ್ತು. ಕಾರಣ, ತಾಯಿಯ ಅಪ್ಪ–ಅಮ್ಮ ಸೋದರಮಾವ, ಸೊಸೆ. ಇಂಥ ಮದುವೆಯಲ್ಲಿ ಹುಟ್ಟುವ ಮಗುವಿಗೆ ಯಾವುದೇ ಜೀನಿನ ಎರಡೂ ಪ್ರತಿಗಳು ಒಬ್ಬನೇ ಪೂರ್ವಿಕನಿಂದ ಬಂದಿರುವ ಸಾಧ್ಯತೆ 8ರಲ್ಲಿ 1. ಸೋದರತ್ತೆ, ಸೋದರಮಾವನ ಮಕ್ಕಳ ಮದುವೆಯಲ್ಲಿ 16ರಲ್ಲಿ 1. ಕೆಲವು ಆನುವಂಶಿಕ ಕಾಯಿಲೆಗಳು ಕಾಣಿಸಿಕೊಳ್ಳುವುದು ಎರಡೂ ಪ್ರತಿ ಕೆಟ್ಟಾಗ. ವೈದ್ಯರು ಮೂರು ತಲೆಮಾರಿನ ಸಂಬಂಧ ಕೇಳುವುದು ಇದಕ್ಕಾಗಿ. ಉತ್ತರ ಹೇಳಲು ಹೆಣ್ಣುಮಕ್ಕಳ ಕಡೆಯ ಎಳೆಯೂ ಗೊತ್ತಿರಬೇಕು.

ಇನ್ನೊಂದು ಸಂಗತಿ. ಜೀವಕೋಶದ ಮೈಟೊಕಾಂಡ್ರಿಯಾದ ಡಿಎನ್‌ಎ ಮಗುವಿಗೆ ಬರುವುದು ತಾಯಿಯಿಂದ ಮಾತ್ರ. ಅಜ್ಜಿಯ ತಾಯಿಯದು ಅಜ್ಜಿಗೆ ಬಂತು, ಅಜ್ಜಿಯಿಂದ ಅಪ್ಪನಿಗೆ ಬಂತು. ಅಪ್ಪನಿಂದ ಅದು ಹುಡುಗಿಗೆ ಬರುವುದಿಲ್ಲ. ಆ ತಾಯಿಯನ್ನು ಅಲ್ಲಿಂದ ಮುಂದಕ್ಕೆ ಕೊಂಡೊಯ್ಯಲು ನೋಟ್‌ಬುಕ್ಕೂ ಬೇಕು.

ಮಕ್ಕಳು ರಜೆಯಲ್ಲಿ ಈ ಕೆಲಸಕ್ಕೆ ಕೈ ಹಾಕಬಹುದು. ತಂದೆತಾಯಿಗಳು ಜೊತೆಗಿದ್ದು ಎರಡು ಎಚ್ಚರ ಹೇಳಿಕೊಡಬೇಕು: ಬದುಕಿರುವವರ ವಿವರವನ್ನು ಅಂತರ್ಜಾಲಕ್ಕೆ ಹಾಕಬಾರದು, ವಂಶದ ನೆಪದಲ್ಲಿ ಇನ್ನೊಬ್ಬರ ಕುಲವನ್ನು ಕೆದಕಬಾರದು.

ಕಡೂರಿನ ಆ ಮನೆಯ ನಕ್ಷೆಯಲ್ಲಿ ಈಗ ಅತ್ತೆಯಂದಿರೂ ಇದ್ದಾರೆ, ಅಜ್ಜಿಯ ತಾಯಿಯೂ ಇದ್ದಾಳೆ. ಹೆಳವರು ಬಂದರೆ ಮೊರದ ತುಂಬ ರಾಗಿಯ ಜೊತೆ ಆ ಹಾಳೆಯನ್ನೂ ಕೊಡಬೇಕೆಂದು ಅಜ್ಜಿ ಹೇಳಿಟ್ಟಿದ್ದಾರೆ.