ತಾಮ್ರದ ಪಕ್ಕ ಒಂದೇ ನೀರು

ಎರಡು ಚಾರ್ಜಿನ ತಾಮ್ರದ ಪಕ್ಕ ಒಂದೇ ಒಂದು ನೀರಿನ ಅಣು ಕೂರಿಸಿದರೆ ಜೋಡಿ ಉಳಿಯುತ್ತದೆಯೇ? ಉಳಿಯುತ್ತದೆ ಅಂತ 2001ರಲ್ಲಿ ಬರ್ಲಿನ್ನಿನ ಡೆಟ್ಲೆಫ್ ಷ್ರೋಡರ್, ಹೆಲ್ಮುಟ್ ಶ್ವಾರ್ಟ್ಸ್ ಮತ್ತು ಅವರ ಜೊತೆಗಾರರು ಬರೆದಿದ್ದರು. ನಾನಾಗ ಜರ್ಮನಿಯಲ್ಲೇ ಬೇರೊಂದು ಪ್ರಯೋಗಾಲಯದಲ್ಲಿದ್ದೆ. ಅದನ್ನು ನಮ್ಮ ಕಣ್ಣಲ್ಲೂ ನೋಡಬೇಕು ಅಂತ ಹಟ ಹಿಡಿದದ್ದು ನಾನೋ, ನಮ್ಮ ತಂತ್ರಜ್ಞರೋ, ಈಗ ಮರೆತಿದೆ.

ಆ ತಂತ್ರಜ್ಞರ ಬಗ್ಗೆ ಹೇಳಲೇಬೇಕು. ಗೇಜಿನ ಮುಳ್ಳಿಗಿಂತ ತಮ್ಮ ಕಿವಿಯ ಮೇಲೆ ಅವರಿಗೆ ನಂಬಿಕೆ ಜಾಸ್ತಿ. ವ್ಯಾಕ್ಯೂಮ್ ಪಂಪಿಗೆ ಕಿವಿಯಿಟ್ಟು, "ಇವತ್ತು ಇದಕ್ಕೆ ಮನಸ್ಸಿಲ್ಲ" ಅಂದರೆ ಅವತ್ತು ಕೆಲಸವಿಲ್ಲ. ಮಧ್ಯಾಹ್ನ ಕರಿ ಬ್ರೆಡ್ಡಿಗೆ ಬೆಣ್ಣೆ ಬಳಿದು, ಅದರ ಮೇಲೆ ನಮ್ಮಮ್ಮನ ಚಟ್ನಿಪುಡಿ ಉದುರಿಸಿಕೊಂಡು ತಿನ್ನುತ್ತಿದ್ದರು. ಡಬ್ಬಿ ನನ್ನದು, ಖಾಲಿ ಮಾಡುತ್ತಿದ್ದದ್ದು ಅವರು.

ನಮ್ಮ ಕಡೆ ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತ, ಸುಣ್ಣ ಕದಡಿ ಹೊಡೆಯುತ್ತಾರಲ್ಲ, ಆ ಮೈಲುತುತ್ತದ ನೀಲಿ ನೀರಲ್ಲಿರುವುದು ಇದೇ ಎರಡು ಚಾರ್ಜಿನ ತಾಮ್ರ. ಸುತ್ತ ನೀರಿನ ಅಣುಗಳು ಮುತ್ತಿಕೊಂಡಿರುವುದರಿಂದ ಅಲ್ಲಿ ಆರಾಮವಾಗಿರುತ್ತದೆ. ನಿರ್ವಾತದಲ್ಲಿ ಒಂದೇ ಅಣುವಿನ ಜೊತೆ ಬಿಟ್ಟರೆ ಕಥೆ ಬೇರೆ. ತಾಮ್ರದಿಂದ ಎರಡನೇ ಎಲೆಕ್ಟ್ರಾನ್ ಕೀಳಲು 20.3 ಎಲೆಕ್ಟ್ರಾನ್ ವೋಲ್ಟ್ ಬೇಕು. ನೀರಿನಿಂದ ಒಂದನ್ನು ಕೀಳಲು 12.6 ಸಾಕು. ಹಾಗಾಗಿ ತಾಮ್ರವು ವಸೂಲಿಗೆ ಬಂದ ಸಾಹುಕಾರನ ಹಾಗೆ ನೀರಿನ ಎಲೆಕ್ಟ್ರಾನಿಗೇ ಕೈ ಹಾಕಬೇಕು. ಆಮೇಲೆ ಎರಡೂ ಒಂದೊಂದು ಧನ ಚಾರ್ಜು ಹೊತ್ತು, ಒಂದನ್ನೊಂದು ತಳ್ಳಿ ಸಿಡಿಯಬೇಕು. ಸುಣ್ಣದ ಕ್ಯಾಲ್ಸಿಯಂಗೆ ಈ ರಗಳೆಯಿಲ್ಲ. ಅದರ ಲೆಕ್ಕ 11.9, ನೀರಿನದಕ್ಕಿಂತ ಕಡಿಮೆ. ಆದರೆ ತಾಮ್ರಕ್ಕೂ ಸಿಡಿಯುವ ಮೊದಲು ದಾಟಬೇಕಾದ ಒಂದು ಶಕ್ತಿಯ ಏರು ಇದೆ. ಏರಿನ ಈಚೆಗೆ ಸಿಕ್ಕಿಕೊಂಡ ಜೋಡಿ ಮೈಕ್ರೋಸೆಕೆಂಡುಗಳಷ್ಟಾದರೂ ಬಾಳುತ್ತದೆ. ತೂಕ ಅಳೆಯುವ ನಮ್ಮ ಯಂತ್ರ ದಾಟುವುದಕ್ಕೆ ಅಷ್ಟು ಸಾಕು.

ಪ್ರಯೋಗ ಮಾಡಿದ ದಿನ ಹೊರಗೆ ಹಿಮ, ನಾಲ್ಕಕ್ಕೆಲ್ಲ ಕತ್ತಲೆ. ಪಂಪಿಗೆ ಮನಸ್ಸಿತ್ತು. ತಾಮ್ರ 63, ನೀರು 18, ಕೂಡಿ 81. ಒಂದು ಚಾರ್ಜಿನ ಜೋಡಿಯನ್ನು ಆಯಸ್ಕಾಂತದಿಂದ ಆರಿಸಿ, ವೇಗವಾಗಿ ಓಡಿಸಿ, ಆಮ್ಲಜನಕಕ್ಕೆ ಡಿಕ್ಕಿ ಹೊಡೆಸಿ ಇನ್ನೊಂದು ಎಲೆಕ್ಟ್ರಾನ್ ಉದುರಿಸುವುದು. ಎರಡು ಚಾರ್ಜಾದರೆ ಲೆಕ್ಕದಲ್ಲಿ 81ರ ಅರ್ಧ, 40.5ರಲ್ಲಿ ಕಾಣಬೇಕು. ಕಾಗದದ ಮೇಲೆ ಅಲ್ಲೇ ಸಣ್ಣದೊಂದು ಮೊನೆ ಎದ್ದಿತು. ನಾನು ಕುಣಿಯುವುದೊಂದು ಬಾಕಿ.

"ಕೊಳೆ ಇರಬಹುದು" ಅಂದರು ಅವರು. "ತಾಮ್ರದಲ್ಲಿ 65ರದ್ದೂ ಇದೆಯಲ್ಲ, ಅದನ್ನೂ ಕರೆ."

ಪ್ರಕೃತಿಯಲ್ಲಿ 65ರ ತಾಮ್ರ ನೂರಕ್ಕೆ 31ರಷ್ಟು, ಉಳಿದದ್ದು 63ರದ್ದು. ಈ ಸಲ 83 ಆರಿಸಿದೆವು. 41.5ರಲ್ಲಿ ಮೊನೆ ಬಂತು, ಮೊದಲಿನದರ ಅರ್ಧಕ್ಕಿಂತ ಸ್ವಲ್ಪ ಗಿಡ್ಡ. ಅವರು ಪೆನ್ಸಿಲಿನಿಂದ ಅದಕ್ಕೊಂದು ಸುತ್ತು ಹಾಕಿದರು. ಅವರ ಹೊಗಳಿಕೆ ಅಷ್ಟೇ.

ಮುಂದೆ ಅಮೋನಿಯಕ್ಕೆ ಕೈ ಹಾಕಿದೆವು. ಅದರ ಎಲೆಕ್ಟ್ರಾನ್ 10.1ಕ್ಕೇ ಕೈಬಿಡುವುದರಿಂದ ತಾಮ್ರದ ಎಳೆತ ಇನ್ನೂ ಜೋರು; ಬರ್ಲಿನ್ನಿನವರು ಆ ಜೋಡಿಯನ್ನೂ ಕಂಡಿದ್ದರು. ನಮಗೆ ಅರ್ಧ ಅಂಕಿಯ ಭದ್ರತೆ ತಪ್ಪಿತು: 63ಕ್ಕೆ 17 ಕೂಡಿಸಿ ಅರ್ಧ ಮಾಡಿದರೆ ನೇರ 40. ಆ ತೂಕದ ಯಾವ ಚೂರು ಬಂದು ಕೂತರೂ ಗುರುತು ಸಿಗದು. ಸಾಲದ್ದಕ್ಕೆ ಕೊಳವೆಯ ನಟ್ಟು ಸಡಿಲವಾಗಿ ಕೋಣೆಯೆಲ್ಲ ಘಾಟು. ಆ ಹಿಮದಲ್ಲೂ ಕಿಟಕಿಗಳನ್ನೆಲ್ಲ ತೆರೆದು, ಕೋಟು ಹೊದ್ದು ಕೂತು, ತಂತ್ರಜ್ಞರು ಸ್ಪ್ಯಾನರಿಗಿಂತ ಮೊದಲು ಕೇಳಿದ್ದು ಚಟ್ನಿಪುಡಿ ಡಬ್ಬಿಯ ಮುಚ್ಚಳ ಹಾಕಿದೆಯಾ ಅಂತ.