ಪುಟ್ಟಿಯೊಡನೆ ಪ್ರವಾಸ

ದೇಶ ಸುತ್ತು, ಕೋಶ ಓದು ಎಂದು ಹಿರಿಯರು ಅಪ್ಪಣೆ ಕೊಡಿಸಿದ್ದಾರೆ. ಆದರೆ ಎರಡು ವರ್ಷದ ಮಗುವನ್ನು ಕಂಕುಳಲ್ಲಿ ಇರುಕಿಕೊಂಡು ದೇಶ ಸುತ್ತುವ ಬಗೆಯನ್ನು ಅವರು ಯಾವ ಕೋಶದಲ್ಲಿಯೂ ಬರೆದಿಟ್ಟಂತಿಲ್ಲ. ಅದನ್ನು ನಾವೇ ಪಾಡುಪಟ್ಟು ಕಲಿಯಬೇಕಾಯಿತು.

ಯಜಮಾನರ ಉದ್ಯೋಗದ ನಿಮಿತ್ತ 2012ರಿಂದ 2018ರವರೆಗೆ ನಾವು ಸಿಂಗಪುರದಲ್ಲಿದ್ದೆವು. ಪುಟ್ಟಿ ಹುಟ್ಟಿದ್ದೂ ಅಲ್ಲಿಯೇ. ವರ್ಷಕ್ಕೆ ಮೂರು ವಾರ ರಜೆ. ಇಷ್ಟು ಹತ್ತಿರವಿದ್ದೂ ಸುತ್ತಣ ದೇಶಗಳನ್ನು ನೋಡದಿದ್ದರೆ ಹೇಗೆ, ಊರು ಎಲ್ಲಿಗೂ ಓಡಿಹೋಗುವುದಿಲ್ಲವಲ್ಲ ಎಂಬುದು ನಮ್ಮಿಬ್ಬರ ತೀರ್ಮಾನ. ತಿಪಟೂರಿನಲ್ಲಿದ್ದ ನಮ್ಮತ್ತೆಯವರು ಟೆಲಿಫೋನಿನಲ್ಲಿ, "ಈ ಸಲ ಬರ್ತೀರೇನಮ್ಮಾ?" ಎಂದು ಕೇಳುವರು. "ಮುಂದಿನ ಸಲ ಖಂಡಿತ, ಅತ್ತೆ" ಎಂದು ನಾನು ಹೇಳುವೆನು.

2014ರಲ್ಲಿ ಮೊದಲು ಮಲಕ್ಕಾಕ್ಕೆ ಹೊರಟೆವು. ಸಮುದ್ರಕ್ಕೆ ಕಲ್ಲು ತುಂಬಿ 1924ರಲ್ಲಿ ಮುಗಿಸಿದ, ಸುಮಾರು ಒಂದು ಕಿಲೋಮೀಟರ್ ಉದ್ದದ ಕಟ್ಟೆಯನ್ನು ಬಸ್ಸು ದಾಟಿದರೆ ಮಲೇಷ್ಯ. ಅತ್ತ ಒಮ್ಮೆ, ಇತ್ತ ಒಮ್ಮೆ ಇಳಿದು, ನಿದ್ದೆಗೆಟ್ಟ ಮಗುವಿನ ಮುಖವನ್ನು ಪಾಸ್‌ಪೋರ್ಟಿನ ಅಧಿಕಾರಿಗಳಿಗೆ ತೋರಿಸಿದ್ದಾಯಿತು. ಮಲಕ್ಕಾವನ್ನು 1511ರಲ್ಲಿ ಪೋರ್ಚುಗೀಸರು ಹಿಡಿದರು, 1641ರಲ್ಲಿ ಡಚ್ಚರು ಹಿಡಿದರು. ನಮ್ಮ ಪುಟ್ಟಿ ಹಿಡಿದದ್ದು ಜ್ವರವನ್ನು! ಡಚ್ಚರ ಕೆಂಪು ಕಟ್ಟಡವನ್ನು ಸರದಿಯ ಮೇಲೆ ಒಬ್ಬೊಬ್ಬರಾಗಿ ನೋಡಿ ಬಂದೆವು. ಅಂದಿನಿಂದ ನಮ್ಮ ಸಾಮಾನಿನಲ್ಲಿ ಔಷಧದ ಡಬ್ಬಿ, ಅವಲಕ್ಕಿ, ಚಟ್ನಿಪುಡಿ, ಅನ್ನ ಮಾಡುವ ಸಣ್ಣ ಕುಕ್ಕರು ಇವು ಖಾಯಂ ಆದುವು.

2016ರ ಜೂನಿನಲ್ಲಿ ಜಾವಾಕ್ಕೆ ಹೋದೆವು. ಸುಮಾರು 1,200 ವರ್ಷ ಹಳೆಯದಾದ ಬೊರೊಬುದೂರಿನಲ್ಲಿ ನಾನು 504 ಬುದ್ಧ ವಿಗ್ರಹಗಳ ವೈಭವವನ್ನು ಬಣ್ಣಿಸುತ್ತಿದ್ದರೆ, ಪುಟ್ಟಿ ಮೇಲಿನ ಜಾಲಂಧ್ರದ ಸ್ತೂಪಗಳಲ್ಲಿ ಇಣುಕಿ, "ಒಳಗೆ ಅವಿತುಕೊಂಡಿದ್ದಾನೆ!" ಎಂದು ಬುದ್ಧನೊಡನೆ ಕಣ್ಣುಮುಚ್ಚಾಲೆ ಆಡುತ್ತಿದ್ದಳು.

ಮರುದಿನ ಪ್ರಂಬನನ್. ಅಲ್ಲಿಯ ಶಿವಾಲಯ 47 ಮೀಟರ್ ಎತ್ತರ. ಅದರ ಪ್ರದಕ್ಷಿಣ ಪಥದ ಒಳಗೋಡೆಯಲ್ಲಿ ರಾಮಾಯಣವನ್ನು ಕೆತ್ತಿದ್ದಾರೆ. ಅಜ್ಜಿ ಟೆಲಿಫೋನಿನಲ್ಲಿ ಕಥೆ ಹೇಳಿದ್ದುದರಿಂದ ಪುಟ್ಟಿಗೆ ಎಲ್ಲರೂ ಪರಿಚಿತರೇ. ಸೇತುಬಂಧನದ ಶಿಲ್ಪದ ಮುಂದೆ ಮಾತ್ರ ನಿಂತುಬಿಟ್ಟಳು. ಕಪಿಗಳಿದ್ದುವು, ಬಂಡೆಗಳಿದ್ದುವು, ನೀರಿನಲ್ಲಿ ಮೀನುಗಳಿದ್ದುವು.

"ಅಳಿಲು ಎಲ್ಲಿ?"

ಹುಡುಕಿದೆವು, ಕಾಣಲಿಲ್ಲ. ಅವಳಿಗೆ ಮೊದಲೇ ಒಂದು ಅನುಮಾನವಿತ್ತು. ಸಿಂಗಪುರದ ನಮ್ಮ ಮನೆಯ ಬಳಿಯ ಅಳಿಲುಗಳಿಗೆ ಹೊಟ್ಟೆ ಕೆಂಪು, ಗೆರೆ ಇರುವುದು ಪಕ್ಕೆಯಲ್ಲಿ; ರಾಮನು ಸವರಿದ ಮೂರು ಗೆರೆ ಬೆನ್ನ ಮೇಲೆ ಇಲ್ಲವೇ ಇಲ್ಲ. "ಹಾಗಾದ್ರೆ ಅಜ್ಜಿ ಹೇಳಿದ್ದು ಸುಳ್ಳಾ?" ಎಂದು ಅತ್ತಳು.

ರಾತ್ರಿ ತಿಪಟೂರಿಗೆ ಟೆಲಿಫೋನ್ ಮಾಡಿದೆವು. ಅತ್ತೆಯವರು ನಕ್ಕು, "ಅಳಿಲು ಚಿಕ್ಕದು ಕಣೇ, ಕೆತ್ತಿದೋನ ಕಣ್ಣಿಗೆ ಬಿದ್ದಿರಲಿಕ್ಕಿಲ್ಲ. ನಮ್ಮ ಹಿತ್ತಲಲ್ಲೇ ಇದೆ, ನೀನು ಬಂದ್ರೆ ಮೂರು ಗೆರೆ ಎಣಿಸಿ ತೋರಿಸ್ತೀನಿ" ಎಂದರು. ಆ ಮಾತಿನಲ್ಲಿ ಆಕ್ಷೇಪಣೆಯ ಸುಳಿವೂ ಇರಲಿಲ್ಲ. ಅದಕ್ಕೇ ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ನಾಲ್ಕು ವರ್ಷದ ಮಗುವಿಗೆ ಮೂರು ದೇಶ ತೋರಿಸಿದ್ದೆವು. ಅಜ್ಜಿಯ ಹಿತ್ತಲನ್ನು ತೋರಿಸಿರಲಿಲ್ಲ.

ಡಿಸೆಂಬರಿಗೆ ಕಾಂಬೋಡಿಯದ ಅಂಗ್‌ಕೋರ್ ವಾಟ್‌ಗೆ ಟಿಕೆಟ್ಟು ಕೊಂಡಾಗಿತ್ತು. ಯಜಮಾನರು ಒಂದು ಮಾತೂ ಆಡದೆ ಅದನ್ನು ರದ್ದು ಮಾಡಿಸಿದರು. ಹಣದಲ್ಲಿ ಅರ್ಧ ಮುಳುಗಿತು. ಊರಿಗೆ ಹೋದೆವು.

ಹೋದ ಮರುದಿನ ಬೆಳಿಗ್ಗೆ ಅತ್ತೆಯವರು ಮೊಮ್ಮಗಳನ್ನು ಹಿತ್ತಲ ಮೆಟ್ಟಿಲ ಮೇಲೆ ಕೂರಿಸಿಕೊಂಡು ಅಕ್ಕಿಯ ಕಾಳು ಚೆಲ್ಲಿದರು. ತೆಂಗಿನ ಮರದಿಂದ ಅಳಿಲು ಇಳಿಯಿತು. "ಒಂದು, ಎರಡು, ಮೂರು" ಎಂದು ಪುಟ್ಟಿ ಪಿಸುಮಾತಿನಲ್ಲಿ ಎಣಿಸಿದಳು. ಅತ್ತೆಯವರ ಕಣ್ಣಿಗೆ ಆಗಲೇ ಪೊರೆ ಬಂದಿತ್ತು. "ಸರಿಯಾಗಿ ಇದೆಯೇನೆ?" ಎಂದು ಅವಳನ್ನೇ ಕೇಳಿದರು.

2017ರ ಮಳೆಗಾಲದಲ್ಲಿ ಅವರು ತೀರಿಕೊಂಡರು. ಅಂಗ್‌ಕೋರ್ ವಾಟನ್ನು ನಾವು ಇನ್ನೂ ನೋಡಿಲ್ಲ. ಪುಟ್ಟಿಗೆ ಬೊರೊಬುದೂರು ಮರೆತೇಹೋಗಿದೆ. ಆ ಮೆಟ್ಟಿಲು ಮರೆತಿಲ್ಲ.