ಕಾಲುಸಂಕದ ನಕ್ಷೆ

ಮಲೆನಾಡಿನಲ್ಲಿ ದಾರಿ ಕೇಳುವುದು ಸುಲಭ, ತಿಳಿದುಕೊಳ್ಳುವುದು ಕಷ್ಟ. ಸಾಗರ, ಹೊಸನಗರ, ತೀರ್ಥಹಳ್ಳಿಗಳ ಒಳಸೀಮೆಯಲ್ಲಿ ಯಾರನ್ನು ಕೇಳಿದರೂ, “ಇಲ್ಲೇ, ದರೆ ಇಳಿದು, ಸಂಕ ದಾಟಿ, ತೋಟದ ಅಂಚಿಗೆ ಹೋದರಾಯಿತು” ಎಂಬ ಉತ್ತರವು ಬರುವುದು. ಆ ‘ಇಲ್ಲೇ’ ಎಂಬುದು ಒಂದು ಮೈಲಿಯೂ ಆಗಬಹುದು, ಮೂರು ಮೈಲಿಯೂ ಆಗಬಹುದು. ಬಯಲುಸೀಮೆಯಂತೆ ಇಲ್ಲಿ ಮನೆಗಳು ಒತ್ತಾಗಿ ನಿಂತಿಲ್ಲ. ತೋಟಕ್ಕೊಂದು, ಗುಡ್ಡದ ಬುಡಕ್ಕೊಂದು. ಕೇಳಿದವನು ನೆಂಟನಾದರೆ ಊಟಕ್ಕೆ ತಡವಾದೀತು, ಅಷ್ಟೆ. ರೋಗಿಯನ್ನು ಒಯ್ಯಲು ಬಂದವನಾದರೆ ಆ ತಡಕ್ಕೆ ಪ್ರಾಣವೇ ಬೆಲೆ.

ಇದಕ್ಕೊಂದು ಉಪಾಯವು ಲೋಕದಲ್ಲಿ ಹುಟ್ಟಿದೆ. 2004ರಲ್ಲಿ ಇಂಗ್ಲೆಂಡಿನ ಸ್ಟೀವ್ ಕೋಸ್ಟ್ ಎಂಬವರು ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ನಕ್ಷೆಯನ್ನು ಆರಂಭಿಸಿದರು. ಅದರಲ್ಲಿ ಯಾರಾದರೂ ತಮ್ಮೂರಿನ ದಾರಿಯನ್ನು ಬರೆಯಬಹುದು, ಯಾರಾದರೂ ಬಳಸಬಹುದು. 2010ರ ಜನವರಿಯಲ್ಲಿ ಹೈಟಿ ದೇಶವು ಭೂಕಂಪದಿಂದ ನೆಲಕಚ್ಚಿದಾಗ, ಎಲ್ಲಿಯೋ ಕುಳಿತ ಸ್ವಯಂಸೇವಕರು ಆಕಾಶದಿಂದ ತೆಗೆದ ಚಿತ್ರಗಳನ್ನು ನೋಡಿ ಅಲ್ಲಿಯ ರಾಜಧಾನಿಯ ಬೀದಿಗಳನ್ನು ಕೆಲವೇ ದಿನಗಳಲ್ಲಿ ಬರೆದುಕೊಟ್ಟರು. ನೆರವಿಗೆ ಹೋದವರಿಗೆ ಅದೇ ದಾರಿದೀಪವಾಯಿತು.

ಆದರೆ ಆಕಾಶದ ಕಣ್ಣು ಮಲೆನಾಡಿನ ಮರಗಳ ಕೆಳಗೆ ಇಳಿಯಲಾರದು. ಅಡಕೆಯ ದಬ್ಬೆಯ ಕಾಲುಸಂಕವನ್ನು ಬಲ್ಲುದು ಅದನ್ನು ದಾಟಿದ ಕಾಲು ಮಾತ್ರ; ಅದು ಯಾವ ಮಳೆಗೆ ಮುಳುಗುವುದೆಂದು ಬಲ್ಲವರು ಆ ಮನೆಯವರು ಮಾತ್ರ. ಮಂಗನ ಕಾಯಿಲೆಯ ವಿಷಯದಲ್ಲಿಯೂ ಹೀಗೆಯೇ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲ್ಪಟ್ಟ ಈ ರೋಗವು 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನ ಮನೆಮನೆಗಳಲ್ಲಿ ದುಃಖವನ್ನು ತಂದಿತು. ಸತ್ತ ಮಂಗನ ಮೈಯಿಂದ ಉಣುಗುಗಳು ಕಾಡಿನ ನೆಲಕ್ಕೆ ಇಳಿಯುವುವು. ಮಂಗ ಬಿದ್ದ ಜಾಗವನ್ನು ನಿಖರವಾಗಿ ಗುರುತಿಸಿದರೆ, ತರಗು ತರಲು ಹೋಗುವವರನ್ನು ಮೊದಲೇ ತಡೆಯಬಹುದು.

ನಕ್ಷೆಯು ಒಮ್ಮೆ ಬರೆದು ಮುಗಿಸುವ ವಸ್ತುವೂ ಅಲ್ಲ. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದು ಶರಾವತಿಯು ಹರಡಿಕೊಂಡಾಗ ಎಷ್ಟೋ ಊರುಗಳೂ ದಾರಿಗಳೂ ನೀರಿನಡಿಯಾದುವು. ತುಮರಿಯ ಕಡೆಯವರು ಲಾಂಚನ್ನು ನಂಬಿ ಬದುಕಿದರು. ಕತ್ತಲಾದ ಮೇಲೆ ಹೆರಿಗೆಯ ನೋವು ಬಂದರೆ ಹತ್ತಿರದ ದಾರಿಯೇ ಇರಲಿಲ್ಲ. 2025ರ ಜುಲೈಯಲ್ಲಿ ಅಂಬಾರಗೋಡ್ಲು–ಕಳಸವಳ್ಳಿಗಳ ನಡುವೆ ಸೇತುವೆ ತೆರೆದ ದಿನವೇ ಹಳೆಯ ನಕ್ಷೆಯು ಸುಳ್ಳಾಯಿತು.

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿ ಫಲವಿಲ್ಲ. ಮಳೆಗಾಲದ ಮುನ್ನ ಊರಿನ ಹುಡುಗರು ಒಬ್ಬ ಹಿರಿಯರನ್ನು ಜೊತೆಗೆ ಕರೆದುಕೊಂಡು ನಡೆದು, ಸಂಕ, ಹಳ್ಳ, ಒಂಟಿಮನೆಗಳನ್ನು ಅವುಗಳ ಹೆಸರಿನೊಡನೆ ಬರೆದಿಟ್ಟರೆ ಸಾಕು. ಹಿರಿಯರ ‘ಇಲ್ಲೇ’ ಎಂಬ ಮಾತು ಅಂದು ಅಪರಿಚಿತನಿಗೂ ಅರ್ಥವಾದೀತು.